ಉಚ್ಚಂಗೆವ್ವ ಮಗಳಿಗೆ ಹೇಳದೇ ಇದ್ದದ್ದು

ಕುಪ್ಪೇಲೂರಿನ ಉಚ್ಚಂಗೆವ್ವ ಇಪ್ಪತ್ತು ವರ್ಷಗಳಿಂದ ಬೀಜದ ಮೆಣಸಿನಕಾಯಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಇನ್ನೂ ಅರಳದ ಮೊಗ್ಗಿನೊಳಗಿನ ಗಂಡು ಕೇಸರವನ್ನು ಚಿಮುಟದಿಂದ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸಿ ಗುರುತಿಗೆ ದಾರ ಕಟ್ಟುವುದು. ಹೊಸದಾಗಿ ಬಂದ ಹೆಂಗಸರಿಗೆ ಕಲಿಸುವವಳೂ ಅವಳೇ. ಕಾಯಿ ಹೇಗೆ ಕಟ್ಟುತ್ತದೆ ಎಂದು ಅವಳಷ್ಟು ಬಿಡಿಸಿ ಹೇಳುವವರು ಅಲ್ಲಿ ಇನ್ನೊಬ್ಬರಿಲ್ಲ.

ಮಗಳು ದೀಪಿಕಾ ಹದಿಮೂರರವಳಿದ್ದಾಗ ಒಂದು ದಿನ ಬುತ್ತಿ ತಂದವಳು ಅದನ್ನೆಲ್ಲ ನೋಡುತ್ತ ನಿಂತು ಕೇಳಿದಳು: "ಯವ್ವಾ, ಮನಷ್ಯಾರಿಗೂ ಹಿಂಗ ಏನು?"

ಸುತ್ತಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಉಚ್ಚಂಗೆವ್ವ ನಾಚಿಕೆಯಿಂದ ಸಿಡುಕಿದಳು. "ಇಂಥಾ ಮಾತು ಎಲ್ಲಿ ಕಲ್ತಿ? ಬಾಯಿ ಮುಚ್ಕೊಂಡು ಮನಿಗೆ ನಡಿ." ದೀಪಿಕಾ ಹೋದಳು. ಆಮೇಲೆ ಅಂಥದ್ದೇನನ್ನೂ ಕೇಳಲಿಲ್ಲ.

ಪಿಯುಸಿಗೆಂದು ರಾಣೆಬೆನ್ನೂರಿಗೆ ಓಡಾಡತೊಡಗಿದ ವರ್ಷ ಅದೇ ಬಸ್ಸಿಗೆ ಬರುವ ಹದಿನೇಳರ ಹುಡುಗನೊಬ್ಬನ ಸ್ನೇಹವಾಯಿತು. ಆ ದಿನಗಳಲ್ಲಿ ಅವ್ವ ರೊಟ್ಟಿ ಬಡಿಯುವಾಗ ಮಗಳು ಒಲೆಯ ಪಕ್ಕ ಬಂದು ಕೂರುತ್ತಿದ್ದಳು, ಏನೋ ಹೇಳುವವಳಂತೆ. "ಹಸಿವಾಗೇತೇನು?" ಎಂದಷ್ಟೇ ಅವ್ವ ಕೇಳುತ್ತಿದ್ದಳು. ಹೊಟ್ಟೆನೋವೆಂದು ಆಸ್ಪತ್ರೆಗೆ ಕರೆದೊಯ್ದಾಗ ನರ್ಸ್ ಹೇಳಿದಳು, ಆರು ತಿಂಗಳು. ದೀಪಿಕಾಳಿಗೆ ಹದಿನಾರು.

"ಹಿಂಗಾಗ್ತೈತಿ ಅಂತ ನನಗ ಸರಿಯಾಗಿ ಗೊತ್ತಿರಲಿಲ್ಲ ಯವ್ವಾ" ಎಂದಳು. ಅದು ಸುಳ್ಳಲ್ಲವೆಂದು ಉಚ್ಚಂಗೆವ್ವನಿಗೆ ತಿಳಿದಿತ್ತು.

ಹುಡುಗಿಗೆ ಹದಿನೆಂಟು ತುಂಬಿಲ್ಲವೆಂದು ಪೊಲೀಸರು ಬಂದರು, ಮಕ್ಕಳ ಕಲ್ಯಾಣ ಸಮಿತಿಯವರು ಬಂದರು. ಹಾವೇರಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ದತ್ತು ಕೊಡಲೆಂದು ಅದನ್ನು ಸಮಿತಿಗೆ ಒಪ್ಪಿಸಿದರು. ದೀಪಿಕಾ ಊರಿಗೆ ಮರಳಲಿಲ್ಲ. ಹಾವೇರಿಯಲ್ಲೇ ಸೋದರತ್ತೆ ಕರಿಯವ್ವನ ಮನೆಯಲ್ಲಿ ಉಳಿದು ಓದು ಮುಂದುವರಿಸಿದಳು.

ಮೂರು ವರ್ಷವಾಯಿತು. ರವಿವಾರಕ್ಕೊಮ್ಮೆ ಅವಳ ಫೋನು.

"ಊಟ ಆತೇನು?"

"ಆತು."

"ಆರಾಮ ಅದೀ?"

"ಅದೀನಿ."

ಅಷ್ಟಕ್ಕೇ ಮುಗಿಯುತ್ತಿತ್ತು. ಕೇಳಬೇಕಾದ ಮಾತುಗಳೆಲ್ಲ ಫೋನು ಕಟ್ಟಾದ ಮೇಲೆ ಉಚ್ಚಂಗೆವ್ವನ ಬಾಯಿಗೆ ಬರುತ್ತಿದ್ದವು. ಸಂಜೆ ಬಸ್ಸಿನಿಂದ ಕಾಲೇಜು ಹುಡುಗಿಯರು ಇಳಿಯುವಾಗ ಅವಳಿಗೆ ಅವರಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ಕೊನೆಯವಳೂ ಇಳಿದು ಬಸ್ಸು ಹೋದ ಮೇಲೂ ನಿಂತಿರುತ್ತಿದ್ದಳು.

ಈ ಬೇಸಿಗೆಯಲ್ಲಿ ಮಗ ಕಲ್ಲೇಶನಿಗೆ ಹದಿನಾಲ್ಕು ತುಂಬಿತು. ಆ ರವಿವಾರ ಉಚ್ಚಂಗೆವ್ವ ಊಟದ ಮಾತು ಎತ್ತಲಿಲ್ಲ. "ಕಲ್ಲೇಶ ದೊಡ್ಡಾಂವ ಆಗಾಕತ್ತಾನ. ಅವಂಗ ಎಲ್ಲಾ ಹೇಳಬೇಕು. ಹೆಂಗ ಸುರು ಮಾಡ್ಲಿ?"

ದೀಪಿಕಾ ಹೇಳಿದಳು: "ಅಂವ ಏನರ ಕೇಳಿದ್ರ ಸಿಟ್ಟಿಗೇಳಬ್ಯಾಡ. ಅಪ್ಪನ್ನೂ ಕೂಡಿಸ್ಕೊ."

ಉಚ್ಚಂಗೆವ್ವ ಮಾತು ತೆಗೆದ ಕೂಡಲೇ ಗಂಡ ದುರಗಪ್ಪ ಎದ್ದು ಹೊರಗೆ ಹೋದ. ಎರಡು ದಿನದ ಮೇಲೆ ತಾನಾಗಿಯೇ ಮಗನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು, ತಡವರಿಸುತ್ತ ಹೇಳಿದ: "ಹುಡುಗಿ ಬ್ಯಾಡಂದ್ರ ಬ್ಯಾಡ. ಹೂಂ ಅಂದ್ರೂ ಇಬ್ಬರಿಗೂ ವಯಸ್ಸು ಬಂದಿರಬೇಕು." ಬಸಿರು ಹೇಗೆ ನಿಲ್ಲುತ್ತದೆ, ಹೇಗೆ ತಡೆಯಬಹುದು ಎಂಬುದನ್ನು ಉಚ್ಚಂಗೆವ್ವ ಬಿಡಿಸಿ ಹೇಳಿದಳು.

ಕಲ್ಲೇಶ ತಲೆ ತಗ್ಗಿಸಿ ಎಲ್ಲ ಕೇಳಿದ. "ಅಕ್ಕಗ ಯಾಕ ಹೇಳಲಿಲ್ಲ?"

"ನಾಚಿಕಿ ಅಡ್ಡ ಬಂತಪ್ಪ" ಎಂದಳು.

ಮರುದಿನ ಅವಳು ಹಾವೇರಿಗೆ ಹೊರಟಳು. ಕರಿಯವ್ವ ಚಹಾ ಕೊಟ್ಟು ತಾಯಿ ಮಗಳನ್ನು ಬಿಟ್ಟು ಹೊರಗೆ ಹೋದಳು.

"ನಿನಗ ಹೇಳಬೇಕಿತ್ತು. ಅದು ನನ್ನ ಕೆಲಸ ಇತ್ತು, ಮಾಡಲಿಲ್ಲ" ಎಂದಳು ಉಚ್ಚಂಗೆವ್ವ.

ದೀಪಿಕಾ ಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದಳು: "ಕೂಸಿನ್ನ ನೀ ಎತ್ಕೊಂಡಿದ್ದಿ. ನಾ ಮಾರಿ ನೋಡಲಿಲ್ಲ. ಹೆಂಗಿತ್ತು?"

ಉಚ್ಚಂಗೆವ್ವ ಹೇಳಿದಳು. ತಲೆತುಂಬ ಕೂದಲು. ಎಡಗಿವಿಯ ತುದಿ ಮಡಚಿಕೊಂಡಿತ್ತು. ಉಚ್ಚಂಗೆವ್ವನ ಬೆರಳು ಹಿಡಿದುಕೊಂಡಿತ್ತು, ನರ್ಸ್ ಬಂದು ಬಿಡಿಸಬೇಕಾಯಿತು. "ಇನ್ನೂ ಹೇಳು" ಎಂದಳು ಮಗಳು, ತಾಯಿಯ ಹೆಗಲಿಗೆ ಒರಗುತ್ತ. ನೆನಪಿದ್ದದ್ದು ಮುಗಿಯುವವರೆಗೆ ಹೇಳಿದಳು.

ಊರಿಗೆ ಬರಲು ದೀಪಿಕಾಳಿಗೆ ಇನ್ನೂ ಮನಸ್ಸಿಲ್ಲ. ತಾಯಿ ಒತ್ತಾಯ ಮಾಡಲಿಲ್ಲ.

"ಈಗ ಮಾತಾಡಾಕತ್ತಿರಬೇಕಲ್ಲ ಯವ್ವಾ ಆ ಕೂಸು" ಎಂದಳು ದೀಪಿಕಾ.

"ಹೂಂ," ಎಂದಳು ಉಚ್ಚಂಗೆವ್ವ, "ಭಾಳ ಮಾತಾಡ್ತಿರಬೇಕು."