ಮೀನಿನ ಹೊಟ್ಟೆಯೊಳಗಿನ ಗುರುತು

ಮೆಟಾ ನನ್ನ ಪಕ್ಕದ ಮನೆಯವಳು. ನಮ್ಮ ದ್ವೀಪದಲ್ಲಿ ಹುಟ್ಟಿದ ನಾವು ಅಕ್ಷರಕ್ಕಿಂತ ಮುಂಚೆ ಮನೆಗುರುತು ಓದಲು ಕಲಿಯುತ್ತೇವೆ. ಚಾಕುವಿನಲ್ಲಿ ಕೆತ್ತಲು ಬರುವಂಥ ನೇರ ಗೀಟುಗಳು, ಮನೆಗೊಂದು ಬಗೆ. ಬಾಗಿಲ ಮೇಲೆ, ದೋಣಿಯ ಹುಟ್ಟಿನ ಮೇಲೆ, ಕೊನೆಗೆ ಗೋರಿಯ ಹಲಗೆಯ ಮೇಲೂ ಅದೇ. ಕಿರಿಮಗನಿಗೆ ತಂದೆಯ ಗುರುತು ಇದ್ದಂತೆಯೇ ಬರುತ್ತದೆ. ಬೇರೆ ಮನೆ ಹೂಡುವ ಅಣ್ಣಂದಿರು ಅದಕ್ಕೊಂದು ಗೀಟು ಸೇರಿಸಿಕೊಳ್ಳುತ್ತಾರೆ. ಮೆಟಾಳ ಗಂಡ ಎವಾಲ್ಡ್‌ನದು ಒಂದು ನಿಲುಗೀಟು, ಎರಡು ಓರೆಗೀಟು.

ಮೀನುಗಾರರೆಲ್ಲ ಸೇರಿ ಕಂಪನಿ ಮಾಡಿ ಹೊಸ ದೋಣಿ ತಂದರು. ಅದಕ್ಕೆ ಲೋಗೋ ಬರೆಯಲು ಆಚೆ ದಡದ ರೋಸ್ಟಾಕ್ ಪಟ್ಟಣದಿಂದ ಕ್ಲೆಮೆನ್ಸ್ ಎಂಬ ಚಿತ್ರಗಾರ ಬಂದ. ಮೆಟಾ ಕೊಟ್ಟ ಹೊಗೆ ಹಾಕಿದ ಮೀನು ತಿನ್ನುತ್ತ ಹೇಳಿದ: ಒಳ್ಳೆಯ ಲೋಗೋದಲ್ಲಿ ಒಂದು ಗುಟ್ಟಿರಬೇಕಂತೆ. ಚಾಕೊಲೇಟು ಪೊಟ್ಟಣದ ಮೇಲಿನ ಬೆಟ್ಟದಲ್ಲಿ ಒಂದು ಕರಡಿ ಅಡಗಿದೆಯಂತೆ. ಸಾಮಾನು ಸಾಗಿಸುವ ದೊಡ್ಡ ಕಂಪನಿಯ ಹೆಸರಿನಲ್ಲಿ ಎರಡು ಅಕ್ಷರಗಳ ನಡುವಿನ ಖಾಲಿ ಜಾಗವೇ ಬಾಣವಂತೆ. ನಾವು ಅಂಗಡಿಯಿಂದ ಪೊಟ್ಟಣ ತರಿಸಿ ನೋಡಿದೆವು. ಕರಡಿ ಇತ್ತು.

ಆಮೇಲೆ ಅವನು ದೋಣಿಯ ಮೂತಿಯ ಮೇಲೆ ನೀಲಿ ಮೀನು ಬರೆದ, ಒಳಗೆ ಬಿಳಿ ಮುಳ್ಳು. ನೋಡುತ್ತಲೇ ಮೆಟಾ ನನ್ನ ತೋಳು ಹಿಡಿದಳು, ಉಗುರು ನಾಟಿತು. ಅದು ಮುಳ್ಳಲ್ಲ, ಎವಾಲ್ಡ್‌ನ ಗುರುತು. ಎಲ್ಲರಿಗಿಂತ ಹಿರಿಯ ಮೀನುಗಾರನಿಗೆ ಮರ್ಯಾದೆಯೆಂದು ಕ್ಲೆಮೆನ್ಸ್ ಅಡಗಿಸಿದ್ದನಂತೆ. ಹುಡುಕಿದವರಿಗಷ್ಟೇ ಕಾಣುತ್ತದೆ ಎಂದ. ಹುಡುಕುವುದೆಲ್ಲಿ ಬಂತು! ದಡದಲ್ಲಿ ನಿಂತ ನಮಗೆ ಕಂಡದ್ದು ಮೀನಿನ ಹೊಟ್ಟೆಯಲ್ಲಿ ಎವಾಲ್ಡ್. ಯಾರೋ ಹೆಣದ ಮುಂದೆ ನಿಂತವರಂತೆ ಟೋಪಿ ತೆಗೆದು, ತಪ್ಪು ಅರಿವಾಗಿ ಮತ್ತೆ ಹಾಕಿಕೊಂಡರು.

ಅಳಿಸಿಬಿಡಿ ಎಂದು ಮೆಟಾ ಕೇಳಿಕೊಂಡಳು. ಮೀನಿನ ಡಬ್ಬಿಗಳ ಮೇಲೂ ಅಚ್ಚಾಗಿದೆ, ಆಗದು ಎಂದರು ಕಂಪನಿಯವರು. ಎವಾಲ್ಡ್ ನಕ್ಕ.

"ಮೀನು ನುಂಗಿದ್ರೆ ನುಂಗ್ಲಿ ಬಿಡೇ. ಈ ಮುದಿ ಮೂಳೆ ಅದ್ರ ಗಂಟ್ಲಲ್ಲೇ ಸಿಕ್ಕೊಳ್ತದೆ."

ಅವಳು ನಗಲಿಲ್ಲ. ದೋಣಿ ನೀರಿಗಿಳಿಯುವ ಹಿಂದಿನ ದಿನ, ಗಂಡಸರು ಊಟಕ್ಕೆ ಹೋದಾಗ, ಬಿಳಿ ಬಣ್ಣದ ಡಬ್ಬಿಯನ್ನು ನನ್ನ ಕೈಗಿಟ್ಟಳು. ಗುರುತು ಅಳಿಸುವಂತಿಲ್ಲ, ಅಳಿಸಿದರೆ ಆ ಮನೆ ಮುಗಿದಂತೆ ನಮ್ಮಲ್ಲಿ. ಗೀಟು ಸೇರಿಸಬಹುದಷ್ಟೆ. ಕುಂಚ ಎಡಗಡೆ ಒಯ್ದಳು, ನಿಲ್ಲಿಸಿದಳು.

"ಅಲ್ಲೆಳೆದ್ರೆ ನಿನ್ನ ಭಾವನ ಮಕ್ಕಳ ಮನೆ," ಎಂದೆ.

ಬಲಗಡೆ ಒಯ್ದಳು. ಅಲ್ಲಿ ಗೀಟು ಬಿದ್ದರೆ ಅವಳ ದೊಡ್ಡ ಮಗ ಯೋಖೆನ್‌ನ ಗುರುತಾಗುತ್ತಿತ್ತು. ಕುಂಚದಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. ಯಾವ ಗೀಟು ಎಳೆದರೂ ಯಾರೋ ಒಬ್ಬರು ಮೀನಿನೊಳಗೆ.

"ಅಪ್ಪನ ಮನೇಲಿ ಈಗ ಯಾರಿದಾರೆ, ಹೇಳು," ಎಂದಳು.

ಅವಳ ಅಣ್ಣಂದಿರು ಇಬ್ಬರೂ ತೀರಿಕೊಂಡಿದ್ದರು. ಉಳಿದವಳು ಅವಳೊಬ್ಬಳು. ನಾನು ಹೇಳುವಷ್ಟರಲ್ಲಿ ಮೇಲೊಂದು, ಕೆಳಗೊಂದು ಅಡ್ಡಗೀಟು ಎಳೆದಾಗಿತ್ತು. ಈಗ ಅದು ಅವಳ ತವರಿನ ಗುರುತು, ಮೀನಿನೊಳಗೆ ಅವಳೊಬ್ಬಳೇ.

ಕ್ಲೆಮೆನ್ಸ್‌ಗೆ ಆ ಗೀಟುಗಳಿಂದ ಮುಳ್ಳಿಗೆ ತಲೆ, ಬಾಲ ಚೆನ್ನಾಗಿ ಕೂತಂತೆ ಕಂಡಿತು. ಎವಾಲ್ಡ್ ಮಾತ್ರ ಒಂದೊಂದೇ ಗೀಟು ಓದಿದ.

"ಏನ್ ಮಾಡ್ಕೊಂಡ್ಯೇ ಇದು?"

"ನಾನೇನು ಕಡಲಿಗೆ ಹೋಗೋಳಾ? ನೀನು ಹೋಗಿ ಬಾ."

ಅವನು ಹೋದ, ಬಂದ, ಎಷ್ಟೋ ಸಲ. ಅವನು ಹೊರಡುವಾಗ ಅವಳು ಅಡುಗೆಮನೆಯಲ್ಲಿ ಹಾಡಿಕೊಳ್ಳುವಷ್ಟು ಹಗುರಾದಳು.

ಮುಂದೆ ಅವಳ ಕಣ್ಣಿಗೆ ಪೊರೆ ಬಂತು. ಆಸ್ಪತ್ರೆ ಆಚೆ ದಡದಲ್ಲಿ. ಹವೆ ಶಾಂತವಾಗಿತ್ತು, ಟಿಕೀಟು ಕೊಂಡಿದ್ದೆವು. ಹಡಗಿನ ಹಲಗೆಯ ಮೇಲೆ ಮೆಟಾ ಒಂದು ಕಾಲಿಟ್ಟಳು. ಹಿಂದಿನಿಂದ ಎವಾಲ್ಡ್ ಅವಳ ಕೋಟಿನ ತೋಳು ಹಿಡಿದ. ಅಂದು ಮೀನು ನುಂಗಲಿ ಎಂದು ನಕ್ಕವನು ಹಿಡಿದ ತೋಳು ಬಿಡಲಿಲ್ಲ. ಹಡಗಿನವನು ಎರಡು ಸಲ ಕೂಗಿ, ಹಲಗೆ ಎಳೆದುಕೊಂಡ. ಎವಾಲ್ಡ್ ಅವಳ ಕೈಹಿಡಿದು, ಎಡವದಂತೆ ಕಲ್ಲು ತೋರಿಸುತ್ತ, ಮನೆಗೆ ನಡೆಸಿಕೊಂಡು ಬಂದ.