ಅಕ್ಕನ ಮಷೀನು, ಭಾವನ ಉಸಿರು

"ಊದಿ, ಊದಿ, ಊದಿ, ಇನ್ನೂ ಊದಿ."

ಬಾಗಿಲಿನಾಚೆ ಕಾಯುತ್ತಿದ್ದವರಿಗೆ ಆ ಸದ್ದು ಜಗಳದಂತೆ ಕೇಳುತ್ತಿತ್ತು. ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆ ಮಾಡುವ ಅವಳಿಗೆ ಊದಮ್ಮ ಎಂದೇ ಹೆಸರು ಬಿದ್ದಿತ್ತು. ಜನ ತಮ್ಮ ಉಸಿರಿನ ಬಗ್ಗೆ ಹೇಳುವ ಸುಳ್ಳುಗಳನ್ನು ಕೇಳಿ ಕೇಳಿ ಅವಳಿಗೆ ಮನುಷ್ಯರ ಮೇಲೆ ಹೆಚ್ಚು ಭರವಸೆ ಉಳಿದಿರಲಿಲ್ಲ; ಅಕ್ಕನ ಗಂಡನ ಮೇಲಂತೂ ಮೊದಲಿನಿಂದಲೂ ಇರಲಿಲ್ಲ.

ಇಂದು ಕುರ್ಚಿಯಲ್ಲಿ ಕೂತಿದ್ದವನು ಅದೇ ಭಾವ, ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನು. ವರ್ಷಗಟ್ಟಲೆ ಸಿಗರೇಟು ಸುಟ್ಟು, ಈಗ ಮೆಟ್ಟಿಲು ಹತ್ತಿದರೆ ಏದುಸಿರು. ತಪ್ಪು ಮಾತ್ರ ಅಕ್ಕನ ಹೊಲಿಗೆ ಮಷೀನಿನದು. ಬಟ್ಟೆಯ ಧೂಳಿನಿಂದ ಅಸ್ತಮಾ ಬಂದಿದೆ, ಮಷೀನು ಮನೆಯಿಂದ ಹೊರಹೋಗಲೇಬೇಕು ಎಂದು ಹಟ ಹಿಡಿದಿದ್ದ. ಆ ಮನೆಯಲ್ಲಿ ಅಕ್ಕನದು ಅಂತ ಇದ್ದದ್ದು ಅದೊಂದೇ.

"ಔಷಧಿ ಎಳ್ಕೊಂಡ ಮೇಲೆ ಉಸಿರು ಜೋರಾದ್ರೆ ಅಸ್ತಮಾ, ಅಲ್ವೇನಮ್ಮ?"

"ಹೆಚ್ಚುಕಮ್ಮಿ ಹಾಗೇ. ಹೊಗೆ ತಿಂದ ಶ್ವಾಸಕೋಶ ಅಷ್ಟಾಗಿ ಜಗ್ಗಲ್ಲ."

ಭಾವ ಮೂರು ಸಲ ಮೆಲ್ಲಗೆ ಊದಿದ. ಜೋರನ್ನೆಲ್ಲ ಔಷಧಿಯ ನಂತರಕ್ಕೆ ಇಟ್ಟುಕೊಂಡಿದ್ದ. ಪರದೆಯ ಮೇಲೆ ಮೂರು ಗೆರೆಗಳೂ ಒಂದರ ಮೇಲೊಂದು ಕೂತವು. ಬೇಕೆಂದೇ ಮೆಲ್ಲಗೆ ಊದುವ ಬೇರೆ ಕಳ್ಳರದು ಮೂರು ಸಲ ಮೂರು ಥರ ಬರುತ್ತದೆ. ಇವನು ಉಸಿರನ್ನು ಅಳೆದು ಬಿಡುವ ಕಸುಬಿನವನು. ಆದರೆ ಶಕ್ತಿಯೆಲ್ಲ ಹಾಕಿ ಊದಿದರೆ ಗೆರೆ ಚಂಗನೆ ಮೇಲೇಳಬೇಕು. ಇವನದು ದಿಂಬಿನ ಹಾಗೆ ಉಬ್ಬಿತ್ತು. ಕಳ್ಳತನದಲ್ಲೂ ಶ್ರುತಿ ಬಿಡದ ಮಹಾನುಭಾವ.

"ಭಾವ, ಇದು ಕ್ಲಾರಿನೆಟ್ ಅಲ್ಲ. ಊಟ ತಣ್ಣಗಾಗಿದೆ ಅಂತ ಅಕ್ಕನ ಮೇಲೆ ಹಾರಾಡ್ತೀರಲ್ಲ, ಆ ಉಸಿರು ಬಿಡಿ."

"ನಾಲಿಗೆ ಬಿಗಿ ಹಿಡಿದು ಮಾತಾಡು."

"ಮನೆಯಿಂದ ಹೊರಗೆ ಬಂದ್ರೆ ಆ ಉಸಿರು ಬರಲ್ವೇನೋ, ಪಾಪ."

ಸಿಟ್ಟಿನಲ್ಲಿ ಊದಿದ. ಗೆರೆ ಚಂಗನೆ ಎದ್ದು, ಕೂಡಲೇ ಸಡಿಲ ಹಗ್ಗದಂತೆ ಜೋತುಬಿತ್ತು. ಸಿಟ್ಟು ಆರುವ ಮುಂಚೆ ಇನ್ನೆರಡು ಸಲ ಊದಿಸಿದಳು. ಔಷಧಿ ಎಳೆಸಿ, ಕಾಯಿಸಿ, ಮತ್ತೆ ಊದಿಸಿದಳು. ಈ ಸಲ ಭಾವ ಕುತ್ತಿಗೆಯ ನರ ಉಬ್ಬುವಂತೆ ಊದಿದ. ಅದೇ ಎತ್ತರ, ಅದೇ ಜೋಲು; ಔಷಧಿಗೆ ಗೆರೆ ಜಗ್ಗಿರಲಿಲ್ಲ. ಈ ಉಸಿರಿನ ನಾದ ಕೇಳಿಯೇ ಅಕ್ಕ ಮದುವೆಗೆ ಒಪ್ಪಿದ್ದಳು ಎನ್ನುವುದು ನೆನಪಾಗಿ ಊದಮ್ಮನಿಗೆ ಒಂದು ಗಳಿಗೆ ಅಯ್ಯೋ ಅನಿಸಿತು. ಆ ಗಳಿಗೆ ಹೆಚ್ಚು ಹೊತ್ತು ಉಳಿಯಲಿಲ್ಲ.

"ಮನೆಯವಳಲ್ವೇ ನೀನು? ಡಾಕ್ಟ್ರಿಗೆ ಹೇಳಿ ಅಸ್ತಮಾ ಅಂತ ಬರೆಸು."

"ಡಾಕ್ಟ್ರು ಗೆರೆ ನೋಡ್ತಾರೆ ಭಾವ, ನೆಂಟಸ್ತಿಕೆ ಅಲ್ಲ. ಸಿಗರೇಟು ಬಿಡಿ, ಇರೋದಾದ್ರೂ ಉಳಿಯತ್ತೆ. ಮಷೀನು ಇದ್ದಲ್ಲೇ ಇರಲಿ."

"ಏನೇ ಹೇಳು, ಆ ಧೂಳಿಂದ ನಂಗೆ—"

ಅವನು ಕಚ್ಚಿದ್ದ ಕೊಳವೆಯನ್ನು ಬುಟ್ಟಿಗೆ ಎಸೆದು, ಮುಂದಿನವರನ್ನು ಕರೆಯಲು ಅವಳು ಬಾಗಿಲತ್ತ ನಡೆದಳು.