ಅಪ್ಪ ಹೇಳಿದ ಅಧ್ಯಾಯ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳನ್ನು ವಿದ್ಯಾರ್ಥಿಗಳು ‘ಪರ್ಸೆಂಟ್ ಅಕ್ಕ’ ಎಂದೇ ಕರೆಯುತ್ತಿದ್ದರು. ಬಂದ ಪ್ರಬಂಧವನ್ನು ಕಂಪ್ಯೂಟರಿಗೆ ಹಾಕಿ, ಅದರಲ್ಲಿ ಕದ್ದ ಪಾಲೆಷ್ಟು ಎಂದು ನೋಡಿ, ಹತ್ತು ದಾಟಿದರೆ ಮುದ್ರೆ ಒತ್ತಿ ವಾಪಸು ಕಳಿಸುವುದು ಅವಳ ಕೆಲಸ. ಆ ತಂತ್ರಾಂಶ ಸರಿಯೋ ತಪ್ಪೋ ಎಂದು ಮೇಷ್ಟ್ರುಗಳು ಸಭೆ ಮೇಲೆ ಸಭೆ ನಡೆಸಿ ಕಿತ್ತಾಡುತ್ತಿದ್ದರು. ಪಕ್ಕದ ಮೇಜಿನಿಂದ ನಾನು ಕೆಣಕಿದರೆ, “ಯಂತ್ರಕ್ಕೆ ನೆಂಟರಿಲ್ಲ ಕಣೋ, ಅದಕ್ಕೇ ನಂಬ್ತೀನಿ” ಅನ್ನುತ್ತಿದ್ದಳು. ನೆಂಟರು ಅವಳಿಗೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಒಂದು ಕೋಣೆ, ಒಂದು ಸ್ಟವ್, ಒಂದು ತಟ್ಟೆ.

ಅಪ್ಪ ದೋಣಿ ಕಟ್ಟುವವನು. ಅವನ ಕಸುಬಿನ ಮೇಲೆಯೇ ಅವಳು ಒಂಬತ್ತು ವರ್ಷ, ಒಂದು ರಜೆಯನ್ನೂ ಬಿಡದೆ, ಪಿಎಚ್.ಡಿ. ಪ್ರಬಂಧ ಬರೆದಳು. ಮುಗಿದ ದಿನ ಎಲ್ಲರ ಪ್ರಬಂಧಗಳಂತೆ ಅದನ್ನೂ ಕಂಪ್ಯೂಟರಿಗೆ ಹಾಕಿದಳು. ನಲವತ್ತೆರಡು ಪರ್ಸೆಂಟ್!

ವರ್ಷಗಳ ಹಿಂದೆ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಅಕ್ಕಾ ಅಕ್ಕಾ ಎಂದು ಬೆಣ್ಣೆ ಹಚ್ಚಿ ಇವಳ ಟಿಪ್ಪಣಿ ಪುಸ್ತಕ ಒಯ್ದಿದ್ದಳು. ಪುಸ್ತಕ ವಾಪಸು ಬರಲಿಲ್ಲ. ಅದರಲ್ಲಿದ್ದದ್ದೆಲ್ಲ ಆ ಹುಡುಗಿಯ ಹೆಸರಲ್ಲಿ ಅಚ್ಚಾಗಿ ಕೂತಿತ್ತು. ಈಗವಳು ಬೇರೆ ಊರಲ್ಲಿ ಪ್ರಾಧ್ಯಾಪಕಿ. ಫೋನ್ ಮಾಡಿದರೆ, “ಯಾವ ಪುಸ್ತಕ ಅಕ್ಕಾ? ನೆನಪೇ ಇಲ್ವಲ್ಲ” ಎಂದಳು. ನನಗೆ ಮೈಯೆಲ್ಲ ಉರಿಯಿತು.

“ಪುರಾವೆ ಇಲ್ಲ ಅಂದ್ಮೇಲೆ ಯಾರು ಕೇಳ್ತಾರಮ್ಮ?” ಎಂದರು ಅಕ್ಕನ ಮಾರ್ಗದರ್ಶಕರು. “ಅವಳ ಲೇಖನದಿಂದ ತಗೊಂಡಿದ್ದು ಅಂತ ಹೆಸರು ಹಾಕಿಬಿಡು. ಆ ಭಾಗ ಲೆಕ್ಕಕ್ಕೆ ಬರಲ್ಲ. ಡಿಗ್ರಿ ಬಂದ್ರೆ ಸಾಕಲ್ವಾ?”

ವಾರವಿಡೀ ಅವಳು ತಾನೇ ಬರೆದ ವಾಕ್ಯಗಳ ಕೆಳಗೆ ಕದ್ದವಳ ಹೆಸರು ಹಾಕಿದಳು. ಆ ಟಿಪ್ಪಣಿ ಪುಸ್ತಕದಲ್ಲೇ ಇದ್ದ ಒಂದು ಅಧ್ಯಾಯ ಮಾತ್ರ ಉಳಿಯಿತು. ಯಾವ ಮರ ಆರಿಸಬೇಕು, ಹೇಗೆ ಬಾಗಿಸಬೇಕು ಎಂದು ಅಪ್ಪ ಕೊನೆಯ ತಿಂಗಳು ಹಾಸಿಗೆಯಲ್ಲಿ ಮಲಗಿ, ಉಸಿರು ಸಿಕ್ಕಾಗೆಲ್ಲ ಹೇಳಿದ್ದ ಅಧ್ಯಾಯ.

“ಇದಕ್ಕೂ ಅವಳ ಹೆಸರೇ ಹಾಕಿಬಿಡಿ ಅಕ್ಕ, ಹಾಳಾಗಿ ಹೋಗ್ಲಿ” ಎಂದೆ.

“ಅವಳು ನಮ್ಮಪ್ಪನ ಮುಖಾನೇ ನೋಡಿಲ್ಲ ಕಣೋ.”

ಅಲ್ಲಿ ಅಪ್ಪನ ಹೆಸರು ಬರೆದಳು. ಅಚ್ಚಾಗದ ಬಾಯಿಮಾತಿಗೆ ನಿಯಮದಲ್ಲಿ ರಿಯಾಯಿತಿ ಇಲ್ಲ. ಮತ್ತೆ ಕಂಪ್ಯೂಟರಿಗೆ ಹಾಕಿದರೆ ಹದಿನೆಂಟು ಪರ್ಸೆಂಟ್ ಬಂತು.

ತಿರಸ್ಕಾರದ ನಮೂನೆಯಲ್ಲಿ ಅಭ್ಯರ್ಥಿಯ ಸಹಿಯನ್ನೂ ಪರಿಶೀಲಕರ ಸಹಿಯನ್ನೂ ಅವಳೇ ಹಾಕಿದಳು. ಮುದ್ರೆ ಒತ್ತಿ, ಶಾಯಿ ಒಣಗಲೆಂದು ಊದಿದಳು. ಒಂಬತ್ತು ವರ್ಷದ ಶ್ರಮಕ್ಕೆ ಅಯ್ಯೋ ಅನ್ನಲು ಅಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.